ಕ್ರಿಸ್‌ಮಸ್ ಬೆಳಗಿನ ಅರ್ಧ ಗಂಟೆ

ಅವನ ಕಾಲು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಎಡಗಾಲೋ ಬಲಗಾಲೋ, ಹೇಳಲಾರೆ. ನೆನಪು ಎರಡನ್ನೂ ಕುಣಿಸುತ್ತದೆ. ಹೊಸಪೇಟೆಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಆ ಅಮೆರಿಕದ ಹುಡುಗ, ಇಪ್ಪತ್ತು ವರ್ಷದ ಮಿಷನರಿ, ದಿನಾ ಗಾದಿಗನೂರಿನ ತನಕ ಸೈಕಲ್ ತುಳಿದು ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದ. ಏನು ಕೇಳಿದರೂ ಒಂದೇ ಉತ್ತರ: "ಏನ್ ತೊಂದ್ರಿ ಇಲ್ರಿ."

ಹಬ್ಬಕ್ಕೆ ಊರಿಗೆ ಹೋಗುವಂತಿರಲಿಲ್ಲ. ಕ್ರಿಸ್‌ಮಸ್ ದಿನ ಮನೆಯವರೊಂದಿಗೆ ಅರ್ಧ ಗಂಟೆ ಮಾತ್ರ ಮಾತಾಡಬಹುದೆಂದು ಅವನ ಸಂಸ್ಥೆಯ ನಿಯಮ. ಒಂದು ವಾರದಿಂದ ಅವನು ಹೇಳಬೇಕಾದ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ.

ಅವನ ಹಬ್ಬವೆಂದು ಅಂದು ಅವ್ವ ಬೆಳಗ್ಗೆಯೇ ಹೋಳಿಗೆ ಬಡಿಸಿದಳು. ಎರಡು ತುತ್ತು ತಿನ್ನುವಷ್ಟರಲ್ಲಿ ಫೋನು ಬಂತು. ಅವನು ದಡಬಡಿಸಿ ಎದ್ದ.

"ಉಣ್ಣೋ ತಾಟು ಬಿಟ್ಟು ಏಳಬಾರ್ದಪ್ಪ, ಕುಂದ್ರು," ಎಂದಳು ಅವ್ವ.

"ಅವ್ವಾ, ಅವರಮ್ಮಂದು ಫೋನು," ಎಂದೆ.

"ಹಂಗಾರ ಇಲ್ಲೇ ಮಾತಾಡ್ಲಿ. ನಾನೂ ನೋಡ್ತೀನಿ."

ಅವನು ಕೂತ. ಮೊಬೈಲಿನ ತೆರೆಯ ಮೇಲೆ ಅವನ ತಾಯಿ ಕಂಡಿದ್ದೇ ಅವ್ವ ಮುಖ ತೂರಿಸಿದಳು. "ಅಕ್ಕಾರ, ನಿಮ್ಮ ಮಗ ಭಾಳ ಬಡಕಲಾಗ್ಯಾನ್ರಿ. ಹೇಳಪ್ಪ, ಹೇಳು ನಿಮ್ಮವ್ವಗ."

ಅವನು ಇಂಗ್ಲಿಷಿನಲ್ಲಿ ಹೇಳಿದ. ಆ ತಾಯಿ ಏನೋ ಕೇಳಿದರು.

"ಹೋಳಿಗೆ ಹೆಂಗ ಮಾಡ್ತೀರಿ ಅಂತ ಕೇಳ್ತಾಳ್ರಿ," ಎಂದ.

ಅವ್ವ ಬೇಳೆ ಬೇಯಿಸುವುದರಿಂದ ಶುರುಮಾಡಿದಳು. ಅವನು ಒಂದೊಂದನ್ನೂ ಆಚೆಗೆ ದಾಟಿಸುತ್ತ, ಈಚೆಗೆ ತರುತ್ತ, ಗಡಿಯಾರ ನೋಡುತ್ತ ಕೂತಿದ್ದ. ಅವ್ವನನ್ನು ಎಬ್ಬಿಸಿಕೊಂಡು ಹೋಗಲು ನನಗೆ ಒಂದು ನಿಮಿಷ ಸಾಕಿತ್ತು. ಇಬ್ಬರು ತಾಯಂದಿರೂ ನಗುತ್ತಿದ್ದರಲ್ಲ, ನಾನೂ ನಗುತ್ತ ಕೂತೆ.

ಅರ್ಧ ಗಂಟೆ ಮುಗಿದಾಗ ಚೀಟಿ ಅವನ ಅಂಗಿ ಜೇಬಿನಲ್ಲೇ ಇತ್ತು.