ರೈಲಿನಲ್ಲಿ ಅವರೆಕಾಯಿ ಸುಲಿಸಿದ ಅಕ್ಕ

ಕಡೂರಿನಿಂದ ಭದ್ರಾವತಿಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದ ಆ ನರ್ಸಕ್ಕನ ಮಡಿಲಲ್ಲಿ ಸದಾ ಏನಾದರೊಂದು ಅಡುಗೆಮನೆಯ ಕೆಲಸ ಇರುತ್ತಿತ್ತು. ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಚಳಿಗಾಲ ಬಂದರೆ ಅವರೆಕಾಯಿ. ಪಕ್ಕದಲ್ಲಿ ಯಾರು ಮಂಕಾಗಿ ಕೂತರೂ ಅವರದು ಒಂದೇ ಮಾತು: "ಮೊದ್ಲು ಕೈಗೊಂದು ಕೆಲ್ಸ ಕೊಡು."

ನಾನಾಗ ಯೂನಿವರ್ಸಿಟಿಗೆ ಹೊಸಬಳು. ಮೊದಲ ಸೆಮಿಸ್ಟರ್ ಪರೀಕ್ಷೆಯ ದಿನ, ಓದಿದ್ದೊಂದೂ ನೆನಪಿಗೆ ಬಾರದೆ, ರೈಲಿನಲ್ಲಿ ಅವರ ಪಕ್ಕ ಕೂತು ನೋಟ್ಸ್ ತಿರುವಿಹಾಕುತ್ತಿದ್ದೆ. ಅಕ್ಕ ಅದನ್ನು ಕಿತ್ತುಕೊಂಡು, ಅದರ ಮೇಲೇ ಕುಳಿತು, ಅವರೆಕಾಯಿ ಚೀಲವನ್ನೂ ಡಬ್ಬಿಯನ್ನೂ ನನ್ನ ಮಡಿಲಿಗೆ ಹಾಕಿದರು. ಬೀರೂರು ದಾಟಿದರೂ ನಾನು ಕಾಳನ್ನು ಕಿಟಕಿಯಾಚೆ ಎಸೆದು, ಸಿಪ್ಪೆಯನ್ನು ಡಬ್ಬಿಗೆ ತುಂಬುತ್ತಿದ್ದೆ. ಎದುರು ಸೀಟಿನವರೆಲ್ಲ ನಕ್ಕರು. ಅಕ್ಕ ಮಾತ್ರ ನಗದೆ ಡಬ್ಬಿಯ ಸಿಪ್ಪೆ ಚೆಲ್ಲಿ, "ಸುಲಿ, ಸುಲಿ. ಕಾಯಿ ಇನ್ನೂ ಬೇಕಾದಷ್ಟಿದೆ" ಎಂದರು.

ತರೀಕೆರೆ ಬರುವಷ್ಟರಲ್ಲಿ ನಾನೂ ನಗುತ್ತಿದ್ದೆ. ಅವರೆಯ ಸೊಗಡು ಅಂಟಿದ ಕೈಯಲ್ಲೇ ಪರೀಕ್ಷೆ ಬರೆದೆ.

ಫಲಿತಾಂಶ ಬಂದಾಗ ಅವರ ಸೀಟಿನ ಬಳಿಗೆ ಓಡಿ, "ಪಾಸಾದೆ ಅಕ್ಕಾ" ಎಂದೆ. ಅವರು ಬಿಡಿಸುತ್ತಿದ್ದ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು ಕಣೇ. ತರೀಕೆರೆ ದಾಟಿದ್ಮೇಲೆ ನೀನು ಡಬ್ಬಿಗೆ ಹಾಕಿದ್ದೆಲ್ಲ ಕಾಳೇ."