ಹಗ್ಗದ ಇನ್ನೊಂದು ತುದಿ

ಇಂಥ ಮಾತು ಯಾರಾದರೂ ತೆಗೆದರೆ ಮೊದಲು ನಗುತ್ತಿದ್ದವಳು ನಾನೇ. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ, ಗಾಳಿ ಎಂದು ಶುರು ಮಾಡಿದರೆ "ಸಾಕ್ ಮಾಡ್ರಿ, ಚಾ ಆರ್ಲಿಕತ್ತದ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಗಬಹುದು, ಬೇಜಾರಿಲ್ಲ. ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ನನ್ನ ಅಕ್ಕ ಶಾಂತಾಳ ಮೇಲೆ.

ನಾವು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಮಾಳಿಗೆಗೂ ಕಲ್ಲು. ಊರಿನ ಈಜುಕೊಳಕ್ಕೂ ಅದೇ ಕಲ್ಲು ಹಾಸಿದ್ದರು. ಗಂಡುಹುಡುಗರಿಗೆ ಆ ಕೊಳದ ಹಂಗಿರಲಿಲ್ಲ. ನೀರು ನಿಂತ ಹಳೆಯ ಕಲ್ಲುಖಣಿಗಳಲ್ಲಿ ತೇಲಲು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಧುಮುಕುತ್ತಿದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಬುಧವಾರ ಮಧ್ಯಾಹ್ನ ಎರಡು ತಾಸು ಕೊಳ ಬಿಟ್ಟುಕೊಡುತ್ತಿದ್ದರು. ಆ ಎರಡು ತಾಸಿಗಾಗಿ ನಾನು ಗುರುವಾರದಿಂದಲೇ ಕಾಯಲು ಶುರು ಮಾಡುತ್ತಿದ್ದೆ. ಬ್ಲೀಚಿಂಗ್ ಪೌಡರಿನ ವಾಸನೆ ಈಗಲೂ ಮೂಗಿಗೆ ಬಡಿದರೆ ಇವತ್ತು ಬುಧವಾರವೇನೋ ಅನ್ನಿಸುತ್ತದೆ.

ನಮ್ಮನ್ನು ನೋಡಿಕೊಳ್ಳಲು ಗೇಟಿನ ಹತ್ತಿರ ನಾಗಮ್ಮ ಎನ್ನುವ ಹೆಂಗಸು ಇರುತ್ತಿದ್ದಳು. ಆಕೆಗೆ ಈಜು ಬರುತ್ತಿರಲಿಲ್ಲ. ನೀರು ನೋಡಿದರೆ ತಲೆ ತಿರುಗುತ್ತದೆ ಎಂದು ಕೊಳಕ್ಕೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂಡುತ್ತಿದ್ದಳು. ಅದಕ್ಕೇ ತನ್ನದೇ ಒಂದು ಕಾಯ್ದೆ ಮಾಡಿದ್ದಳು. ನೀರಿಗೆ ಇಳಿಯುವವಳು ನಡುವಿಗೆ ಹಗ್ಗ ಕಟ್ಟಿಕೊಳ್ಳಬೇಕು. ಅದರ ಇನ್ನೊಂದು ತುದಿ ಹಿಡಿದವಳು ದಂಡೆಯ ಮೇಲೆ ಜೊತೆಜೊತೆಗೇ ನಡೆಯಬೇಕು, ಹೆಜ್ಜೆಗೊಮ್ಮೆ "ಹಿಡ್ದೀನಿ" ಎಂದು ಕೂಗಬೇಕು. ಆ ಕೂಗು ನಿಂತರೆ ನಾಗಮ್ಮ ಸೀಟಿ ಊದುತ್ತಿದ್ದಳು. ಈಜುವವಳು ಹೊರಳಿ ನೋಡುವಂತಿಲ್ಲ. "ಮುಂದ ನೋಡ್ರಿ! ಹಿಂದಿಂದ ಚಿಂತಿ ಹಿಂದಿನಾಕಿಗಿ" ಎಂದು ಗದರುತ್ತಿದ್ದಳು. ನಮ್ಮ ಮನೆಯ ಬಾವಿಯ ಹಗ್ಗವೇ ನನ್ನ ಹಗ್ಗ. ಅದನ್ನು ಹಿಡಿಯುವವಳು ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ.

ಆಗ ನನಗೆ ಹನ್ನೊಂದು ವರ್ಷ. ಪರೀಕ್ಷೆ ಹತ್ತಿರ ಬಂದದ್ದರಿಂದ ಆ ಬುಧವಾರ ಬೇರೆ ಯಾರೂ ಬಂದಿರಲಿಲ್ಲ. ಇಡೀ ಕೊಳ ನಮ್ಮದೇ! ಈ ದಂಡೆಯಿಂದ ಆಳದ ಕಡೆಯ ಗೋಡೆಯ ತನಕ ಒಮ್ಮೆಯಾದರೂ ಮುಟ್ಟಬೇಕೆಂದು ಹಟ ಹಿಡಿದೆ. ಅಕ್ಕ ಹಗ್ಗ ಕಟ್ಟಿದಳು, ಗಂಟು ಎರಡು ಸಲ ಜಗ್ಗಿ ನೋಡಿದಳು. "ಹೂಂ, ಬಿಡು ಕೈ" ಎಂದಳು. ನಾನು ಕಣ್ಣು ಮುಚ್ಚಿ ಗಾಳಿ ಎಳೆದುಕೊಂಡು ನೀರಿಗೆ ಬಿದ್ದೆ.

ಹಿಂದೆ ಅಕ್ಕನ ದನಿ. "ಹಿಡ್ದೀನಿ... ಹಿಡ್ದೀನಿ..." ನಡುವಿನ ಹಗ್ಗ ಬಿಗಿಯಾಗಿಯೇ ಇತ್ತು. ಅರ್ಧ ದಾಟಿದ ಮೇಲೆ ಕೈ ಸೋತವು, ಬಾಯಲ್ಲಿ ನೀರು ನುಗ್ಗಿತು, ಕೆಳಗೆ ಹೋದೆ. ಆಗ ಹಗ್ಗ ನನ್ನನ್ನು ಮೇಲಕ್ಕೆ ಎಳೆಯಿತು. ಬಾವಿಯಿಂದ ಕೊಡ ಸೇದಿದಂತೆ ಎಳೆಯಿತು ನೋಡಿ, ನಡುವಿಗೆ ಚರ್ಮ ಕಿತ್ತು ಬಂತು. ಮತ್ತೆ ಅದೇ ದನಿ, ಇನ್ನೂ ಹತ್ತಿರ. "ಹಿಡ್ದೀನಿ." ನಾಲ್ಕು ಸಲ ಕೈ ಬೀಸಿ ಗೋಡೆ ಮುಟ್ಟಿದೆ.

ಅಕ್ಕನ ಮುಖ ನೋಡಬೇಕೆಂದು ಖುಷಿಯಿಂದ ಹೊರಳಿದೆ. ದಂಡೆಯ ಮೇಲೆ ಯಾರೂ ಇರಲಿಲ್ಲ.

ಕಾಲಿಗೆ ನೆಲ ಸಿಗದ ಜಾಗ ಅದು. ಕಲ್ಲಿನ ಅಂಚು ಹಿಡಿದು ಚೀರಿದೆ. ನಾವು ಖುಷಿಗೆ ಚೀರುವುದು ನಾಗಮ್ಮನಿಗೆ ರೂಢಿ, ಆಕೆ ಹೊರಳಲಿಲ್ಲ. ಹೇಗೋ ಮೊಣಕೈ ಊರಿ ಮೇಲೆ ಹತ್ತಿದೆ. ಹಗ್ಗದ ತುದಿ ಅಲ್ಲೇ ದಂಡೆಯ ಮೇಲೆ ಬಿದ್ದಿತ್ತು. ಮುಟ್ಟಿದರೆ ಮೊಳದಷ್ಟು ಉದ್ದ ಒಣಗಿತ್ತು, ಬೆಚ್ಚಗಿತ್ತು. ಅಷ್ಟರಲ್ಲಿ ಪಂಪಿನ ಖೋಲಿಯ ಹಿಂದಿನ ಒಡೆದ ಗೋಡೆಯಿಂದ ಅಕ್ಕ ಒಳಗೆ ನುಸುಳಿ ಬಂದಳು. ಕೈಯಲ್ಲಿ ಅರ್ಧ ಚೀಪಿದ ಐಸ್ ಗೋಲಾ, ತುಟಿ, ನಾಲಿಗೆ ಎಲ್ಲ ಕೆಂಪು. ಗೋಲಾ ಕೆಳಗೆ ಬಿಸಾಕಿ ಓಡಿ ಬಂದು ನನ್ನ ಬಾಯಿ ಮುಚ್ಚಿದಳು.

"ಅವ್ವಗ ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ."

ಹೇಳದೆ ಬಿಡುತ್ತೇನೆಯೇ? ಮನೆಗೆ ಹೋದವಳೇ ಎಲ್ಲ ಒದರಿದೆ. ಅಕ್ಕ ಅವ್ವನ ತಲೆ ಮುಟ್ಟಿ, "ನಿನ್ನ ಆಣಿ ಯವ್ವಾ, ನಾ ಹಗ್ಗ ಬಿಟ್ಟೇ ಇಲ್ಲ" ಎಂದಳು. ನನ್ನ ಕಣ್ಣೆದುರಿಗೇ, ಕೆಂಪು ನಾಲಿಗೆಯಲ್ಲೇ. ಅವ್ವ ನಮ್ಮಿಬ್ಬರನ್ನೂ ಎಳೆದುಕೊಂಡು ನಾಗಮ್ಮನ ಹತ್ತಿರ ಹೋದಳು.

"ಖರೇ ಹೇಳ್ತೀನ್ರಿ ಅಕ್ಕಾ," ಎಂದಳು ನಾಗಮ್ಮ ಅವ್ವನಿಗೆ. "ಹಿಡ್ದೀನಿ ಅನ್ನೋದು ಕಡೀತನಕ ನನ್ನ ಕಿವಿಗಿ ಬಿದ್ದದ. ಒಂದ್ ಸಲಾನೂ ನಿಂತಿಲ್ಲ. ನಿಂತಿದ್ರ ನಾ ಸೀಟಿ ಊದ್ತಿದ್ದಿಲ್ಲೇನ್ರಿ?"

ಅಲ್ಲಿಗೆ ಮುಗಿಯಿತು. ಸುಳ್ಳಿ ಎಂಬ ಹೆಸರು ನನಗೆ ಬಂತು. ಹಗ್ಗ ಬಾವಿಗೆ ಹೋಯಿತು, ನನ್ನ ಬುಧವಾರಗಳು ಮಣ್ಣುಪಾಲಾದವು. ಅಕ್ಕ ಮಾತ್ರ ಓಣಿಯ ಹುಡುಗಿಯರ ಜೊತೆ ಹೋಗುತ್ತಲೇ ಇದ್ದಳು. ಒದ್ದೆ ಜಡೆ ಹಿಂಡಿಕೊಳ್ಳುತ್ತ ಮನೆಗೆ ಬರುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಆಕೆ ಈಜು ಕಲಿತಳು. ನನಗೆ ಇವತ್ತಿಗೂ ಬರುವುದಿಲ್ಲ.

ದೊಡ್ಡವಳಾದ ಮೇಲೆ ನಾನು ಒಂದು ಸಮಾಧಾನ ಮಾಡಿಕೊಂಡೆ. ಅಕ್ಕ ಅರ್ಧ ದಾರಿ ಬಂದಿರಬೇಕು, ನಾನು ಮುಳುಗಿದಾಗ ಎಳೆದಿರಬೇಕು, ಇನ್ನೇನು ಗೋಡೆ ಬಂತೆಂದು ಹಗ್ಗವನ್ನು ದಂಡೆಗೆ ಎಸೆದು ಓಡಿರಬೇಕು. ಕಾದ ಕಲ್ಲಿನ ಮೇಲೆ ಹಗ್ಗ ಬೆಚ್ಚಗಾಗದೆ ಇರುತ್ತದೆಯೇ? ಕೂಗು ಕಡೆಯ ತನಕ ಕೇಳಿತು ಎಂದ ನಾಗಮ್ಮ ತನ್ನ ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳಿದಳು. ಲೆಕ್ಕ ಸರಿಹೋಗುತ್ತಿತ್ತು. ಅಕ್ಕ ನಡುವೆ ಕೈಬಿಟ್ಟಳು ನಿಜ, ಆದರೆ ಅರ್ಧ ದಾರಿಯಾದರೂ ಜೊತೆಗಿದ್ದಳಲ್ಲ ಎಂದುಕೊಂಡು ಆಕೆಯ ಮದುವೆಯಲ್ಲಿ ಓಡಾಡಿದೆ, ಬಾಣಂತನ ಮಾಡಿದೆ.

ಹೋದ ಬೇಸಿಗೆಯಲ್ಲಿ ಭಂಕೂರಿನ ಒಂದು ಮದುವೆಗೆ ಇಬ್ಬರೂ ಹೋಗಿದ್ದೆವು. ಅಕ್ಕ ಈಗ ಸೇಡಂನಲ್ಲಿದ್ದಾಳೆ. ಬರುವಾಗ ಆಕೆಯೇ ಆಟೋ ನಿಲ್ಲಿಸಿ, "ಬಾ, ಕೊಳ ನೋಡ್ಕೊಂಡ್ ಹೋಗೂಣು" ಎಂದಳು. ಕೊಳದಲ್ಲಿ ನೀರಿಲ್ಲ. ಅಲ್ಲಲ್ಲಿ ಕಲ್ಲು ಎದ್ದಿವೆ, ಸಂದಿಯಲ್ಲಿ ಜಾಲಿ ಬೆಳೆದಿದೆ. ಇಬ್ಬರೂ ದಂಡೆಯ ಮೇಲೆ ಕುಳಿತೆವು. ಯಾಕೋ ಕೇಳಿಬಿಟ್ಟೆ.

"ಅಕ್ಕಾ, ಅವತ್ತು ಎಲ್ಲೀತನಕ ಹಿಡ್ದಿದ್ದಿ?"

ಆಕೆ ನಕ್ಕಳು. "ಇನ್ನೂ ಅದನ್ನೇ ತಲ್ಯಾಗ ಇಟ್ಕೊಂಡ್ ಕುಂತೀಯೇನ? ಎಲ್ಲಿ ಹಿಡ್ದಿದ್ದೆ ತಂಗೀ! ನೀ ನೀರಿಗಿ ಬಿದ್ದಿ, ನಾ ಹಗ್ಗ ಅಲ್ಲೇ ಕೆಳಗ ಹಾಕಿ ಓಡಿದೆ. ಗೋಲಾದವನ ಗಂಟಿ ಕೇಳ್ಲಿಕತ್ತಿತ್ತು. ಒಂದ್ ಹೆಜ್ಜೀನೂ ಬಂದಿಲ್ಲ ನಾ."

"ಮತ್ತ ಕೂಗಿದ್ದು?"

"ಯಾರ್ ಕೂಗಿದ್ರು? ನಾ ಏನೂ ಕೂಗಿಲ್ಲ. ಸೀಟಿ ಊದ್ತಾಳ ಅಂತ ಭಾಳ ಅಂಜಿದ್ದೆ. ಯಾಕೋ ಊದಲೇ ಇಲ್ಲ ನೋಡು ಆ ಮುದುಕಿ."

ಹಾಗೆಂದು ಸೀರೆಗೆ ಹತ್ತಿದ ಮುಳ್ಳು ಬಿಡಿಸಿಕೊಳ್ಳತೊಡಗಿದಳು. ಕೇಳಲು ನಾಗಮ್ಮ ಈಗಿಲ್ಲ. ಪಾಪ, ಆಕೆ ಸುಳ್ಳು ಹೇಳಿರಲಿಲ್ಲ.

ಹಗ್ಗವನ್ನು ಈ ದಂಡೆಯಲ್ಲೇ ಹಾಕಿ ಹೋಗಿದ್ದರೆ ಅದು ನನ್ನ ಬೆನ್ನ ಹಿಂದೆ ನೀರಿನಲ್ಲಿ ಎಳೆದುಕೊಂಡು ಬರಬೇಕಿತ್ತು. ಒಣಗಿದ ತುದಿ ಆ ದಂಡೆಗೆ ಹೇಗೆ ಬಂತು? ಮುಳುಗಿದವಳನ್ನು ಎಳೆದವರು ಯಾರು? ಎಷ್ಟು ತಲೆ ಕೆರೆದುಕೊಂಡರೂ ನನಗೆ ತಿಳಿಯುತ್ತಿಲ್ಲ. ತಿಳಿಯದಿದ್ದರೂ ನಡೆದೀತು. ಆದರೆ ಇಷ್ಟು ವರ್ಷ ನಾನು ಜೋಪಾನ ಮಾಡಿಟ್ಟುಕೊಂಡ ಆ ಅರ್ಧ ದಾರಿಯನ್ನೂ ಅಕ್ಕ ನಗುತ್ತ ಕಸಿದುಕೊಂಡಳಲ್ಲ, ಅದು ನುಂಗಲಾಗದು.

ಈಗಲೂ ಆಕೆ ಫೋನು ಮಾಡುತ್ತಾಳೆ. ನನಗೆ ಮೈಯಲ್ಲಿ ಆರಾಮಿಲ್ಲ ಎಂದರೆ "ಹೆದರಬ್ಯಾಡ, ನಾ ಇದ್ದೀನಿ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ, ನಂಬುವುದಿಲ್ಲ. ಅದೇ ದನಿಯಲ್ಲಿ ಅವತ್ತು "ಹಿಡ್ದೀನಿ" ಎಂದದ್ದು ಅವಳಲ್ಲ. ಆ ಮಾತನ್ನು ಮಾತ್ರ ನಾನು ಇವತ್ತಿಗೂ ನಂಬುತ್ತೇನೆ.