ಹತ್ತು ನಿಮಿಷದ ನಿದ್ದೆ

ಮಧ್ಯಾಹ್ನ ಊಟವಾದ ಮೇಲೆ ನಾನು ಹತ್ತು ನಿಮಿಷ ಕಣ್ಣು ಮುಚ್ಚುತ್ತೇನೆ. ಅದು ಒಂದೂವರೆ ಗಂಟೆ ಎಂದು ನನ್ನ ಹೆಂಡತಿಯ ವಾದ. ಇಷ್ಟು ವರ್ಷ ನಾನು ಒಪ್ಪಿರಲಿಲ್ಲ. ಕುದೂರಿನ ಹತ್ತಿರದ ಒಂದು ರೇಷ್ಮೆ ಹುಳು ಮನೆಯಲ್ಲಿ ಎರಡು ದಿನ ಕಳೆದ ಮೇಲೆ ವಾದ ನಿಲ್ಲಿಸಿದ್ದೇನೆ.

ನಾನು ಎಲೆಕ್ಟ್ರಾನಿಕ್ಸ್ ಕಲಿಸುವ ಮೇಷ್ಟ್ರು. ಮಾಗಡಿಯಿಂದ ಕನಕಪುರದವರೆಗೆ ರಾಗಿ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆಯಾಗುತ್ತಿದ್ದ ಕಾಲ ಅದು. ಬಸ್ಸಿನ ಕಿಟಕಿಯಾಚೆ ಹಸಿರು ಮುಗಿಯುತ್ತಲೇ ಇರಲಿಲ್ಲ. ಪರಿಚಯದ ಜಯಮ್ಮನವರ ಹುಳು ಮನೆಗೆಂದು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಮಾಡಿದೆ. ಅದು ಹತ್ತು ನಿಮಿಷಕ್ಕೊಮ್ಮೆ ಸೆಕೆ ಅಳೆಯಬೇಕು, ಮಿತಿ ಮೀರಿದ್ದರೆ ಕೂಗಬೇಕು. ಬ್ಯಾಟರಿ ಬಾಳಬೇಕಾದ್ದರಿಂದ ಉಳಿದ ಹೊತ್ತೆಲ್ಲ ನಿದ್ದೆ. ಒಳಗಿನ ಉಗುರಿನಗಲದ ಮೈಕ್ರೋಕಂಟ್ರೋಲರ್ ಎಂಟೆಂಟು ಸೆಕೆಂಡು ಮಲಗಿ, ಕ್ಷಣ ಕಣ್ಣು ಬಿಟ್ಟು, ಹತ್ತು ನಿಮಿಷವಾಯಿತೇ ಎಂದು ತನ್ನ ಗಡಿಯಾರ ನೋಡಿಕೊಳ್ಳಬೇಕು. ನನ್ನ ಮೇಜಿನ ಮೇಲೆ ವಾರವಿಡೀ ಒಮ್ಮೆಯೂ ತಪ್ಪಲಿಲ್ಲ. ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಕೇಬಲ್ ಬಿಚ್ಚಿ, ತಂದು ಗೋಡೆಗೆ ತೂಗುಹಾಕಿದೆ.

ಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುನ್ನ ಹುಳು ಮೇವು ತೊರೆದು, ತಲೆಯೆತ್ತಿ, ಅಲುಗದೆ ನಿದ್ದೆ ಹೋಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಸೊಪ್ಪು ಅಗಿಯುವ ಸದ್ದು ನಿಂತು, ಇಡೀ ಮನೆ ಕನಸಿನೊಳಕ್ಕೆ ಇಳಿದಂತಿರುತ್ತದೆ. ಯಂತ್ರವಿದೆಯಲ್ಲ ಎಂದು ಜಯಮ್ಮ ತೋಟಕ್ಕೆ ಹೋದರು. ಮಧ್ಯಾಹ್ನ ನಾವಿಬ್ಬರೂ ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಬಡಿಯಿತು. ಗೋಡೆಯ ಥರ್ಮಾಮೀಟರಿನಲ್ಲಿ ಮೂವತ್ತಾರು. ಯಂತ್ರ ಸುಮ್ಮನಿತ್ತು. ಕಿಟಕಿ ತೆರೆದೆವು, ಒದ್ದೆ ಗೋಣಿತಾಟು ಕಟ್ಟಿದೆವು. ಜ್ವರದ ಹುಳುವನ್ನು ಮುಟ್ಟಿ ನೋಡುವಂತಿಲ್ಲ. ಬದುಕಿದ್ದರೆ ನಾಳೆ ಏಳುತ್ತವೆ, ಅಷ್ಟೆ.

"ನಿಮ್ ಕೂಸು ಕೂಗ್ನೇ ಇಲ್ವಲ್ಲ ಮೇಷ್ಟ್ರೇ," ಎಂದರು ಜಯಮ್ಮ. ಬೈದಿದ್ದರೆ ವಾಸಿಯಿತ್ತು.

ಜಗಲಿಯಲ್ಲಿ ಕೂತು ಯಂತ್ರವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಕೂಗಿತು. ಬಿಚ್ಚಿದೆ, ಮೌನ. ಕೇಬಲ್ ಇರುವಾಗ ಮಲಗಬೇಡ ಎಂದು ಅದಕ್ಕೆ ಬರೆದುಕೊಟ್ಟವನು ನಾನೇ, ಇಣುಕಿ ನೋಡುವ ಅನುಕೂಲಕ್ಕೆ. ಒಂದು ವಾರ ನಾನು ಪರೀಕ್ಷಿಸಿದ್ದು ನಿದ್ದೆಯೇ ಮಾಡದ ಯಂತ್ರವನ್ನು.

ಹುಳು ಮನೆಯ ಬಾಗಿಲ ಮೇಲೆ ಸುಣ್ಣದ ಗೆರೆಗಳಿದ್ದವು. ಅವೇನೆಂದು ಕೇಳಿದೆ.

"ಜ್ವರಕ್ ಕೂತಾಗಿಂದ ಗಂಟೆಗೊಂದು ಎಳೀತೀನಿ. ಮಲ್ಗಿರೋ ಹುಳೀಗೆ ಎಷ್ಟೊತ್ತಾಯ್ತು ಅಂತ ಏನ್ ಗೊತ್ತಾಯ್ತದೆ? ಎಚ್ರ ಇರೋರು ಎಣಿಸ್ಬೇಕು."

ನಾನು ಆ ಗೆರೆಗಳನ್ನೇ ನೋಡುತ್ತ ಕೂತೆ. ಮೈಕ್ರೋಕಂಟ್ರೋಲರ್ ಮಲಗಿದಾಗ ಅದರ ಗಡಿಯಾರವೂ ಮಲಗುತ್ತಿತ್ತು. ಎಚ್ಚರದ ಕ್ಷಣಗಳನ್ನಷ್ಟೇ ಕೂಡಿಸಿಕೊಂಡು ಹೊರಟರೆ ಅದರ ಹತ್ತು ನಿಮಿಷ ನಮ್ಮ ಅರ್ಧ ದಿನ. ಪಾಪ, ಅದು ಸುಳ್ಳು ಹೇಳಿರಲಿಲ್ಲ. ತನಗೆ ತಿಳಿದ ಕಾಲವನ್ನು ಹೇಳಿತ್ತು. ಎದ್ದಾಗಲೆಲ್ಲ ಮಲಗಿದ್ದ ಎಂಟು ಸೆಕೆಂಡನ್ನೂ ಸೇರಿಸಿಕೋ ಎಂದು ಒಂದು ಸಾಲು ಬರೆದೆ. ಸೆಕೆ ನೋಡಿದಾಗಲೆಲ್ಲ ಕೆಂಪು ದೀಪ ಮಿನುಗಿಸು ಎಂದು ಇನ್ನೊಂದು.

ಮರುದಿನ ಮಧ್ಯಾಹ್ನ ಕೇಬಲ್ ಇಲ್ಲದೆ ತೂಗುಹಾಕಿ, ಸುಣ್ಣದ ತುಂಡು ಹಿಡಿದು ಹೊಸ್ತಿಲಲ್ಲಿ ಕೂತೆ. ದೀಪ ಮಿನುಗಿದಾಗಲೊಂದು ಗೆರೆ. ಒಳಗೆ ಹುಳುಗಳು ಇನ್ನೂ ಎದ್ದಿರಲಿಲ್ಲ. ಒದ್ದೆ ಗೋಣಿಯ ವಾಸನೆ, ತಣ್ಣನೆ ಗಾಳಿ, ಎಲ್ಲೂ ಒಂದು ಸದ್ದಿಲ್ಲ. ಕಣ್ಣು ಉರಿಯುತ್ತಿತ್ತು. ಒಂದು ಕ್ಷಣ ಮುಚ್ಚಿದೆ.

ಜಯಮ್ಮ ಭುಜ ಅಲುಗಿಸುತ್ತಿದ್ದರು. ಸುಣ್ಣದ ತುಂಡು ಅವರ ಕೈಯಲ್ಲಿತ್ತು.

"ನೀವ್ ಮಲಗಿದ್ಮೇಲೆ ನಿಮ್ ಮಿಷಿನ್ನು ಒಂಬತ್ ಸಲ ಕಣ್ ಬುಟ್ಟು ಮಲಗ್ತು. ಗಡಿಯಾರ ನೋಡ್ಕಂಡೇ ಗೆರೆ ಎಳ್ದಿವ್ನಿ, ಒಸೀನೂ ತಪ್ನಿಲ್ಲ."

"ಹುಳ?" ಎಂದೆ.

ಅವರು ಗೋಣಿತಾಟು ಸರಿಸಿದರು. ತಗಡಿನ ಸೂರಿನ ಕೆಳಗಿದ್ದ ಎರಡು ತಟ್ಟೆಗಳ ಹುಳುಗಳು ಹಾಗೆಯೇ ಇದ್ದವು, ಅವು ಏಳಲಿಲ್ಲ. ಉಳಿದ ತಟ್ಟೆಗಳ ತುಂಬ ಸಾವಿರಾರು ತಲೆಗಳು ಸೊಪ್ಪು ಹುಡುಕುತ್ತ ಮೆಲ್ಲಗೆ ತೂಗುತ್ತಿದ್ದವು.

"ಇವೂ ಎದ್ವು. ನೀವೇ ಕಡೇಗೆ," ಎಂದರು.

ಹತ್ತು ನಿಮಿಷ ಮಲಗಿದ್ದೆನಷ್ಟೆ ಎನ್ನಲು ಬಾಯಿ ತೆರೆದೆ. ಬಾಗಿಲ ಮೇಲೆ ಅವರೆಳೆದ ಒಂಬತ್ತು ಗೆರೆ ನೋಡಿ ಮುಚ್ಚಿಕೊಂಡೆ.